ಹಳೆಯ ಜಪಾನೀ ಬೈಸಿಕಲ್ಲಿನ ಗುರುತು ಮತ್ತು ಬೆಲೆ

ನಮ್ಮಲ್ಲಿ ಭೌತಶಾಸ್ತ್ರವನ್ನು ಓದಿ, ಈಗ ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿಯೊಬ್ಬನಿಂದ ಕೆಲವು ತಿಂಗಳ ಹಿಂದೆ ನಮಗೊಂದು ಪತ್ರ ಬಂದಿತು. ಅವನ ವಾಸದ ಮನೆ ಗುಡ್ಡದ ಮೇಲಿದೆ, ಪ್ರಯೋಗಾಲಯ ತಗ್ಗಿನಲ್ಲಿದೆ, ನಡುವೆ ಎಂಟು ಕಿಲೋಮೀಟರು ಹಾದಿ. ವಿದ್ಯಾರ್ಥಿವೇತನದಲ್ಲಿ ಕಾರನ್ನು ಕೊಳ್ಳುವ ಮಾತು ದೂರವೇ ಉಳಿಯಿತು. ಆದಕಾರಣ ಹಳೆಯ ಬೈಸಿಕಲ್ಲೊಂದನ್ನು ಕೊಳ್ಳಬೇಕೆಂದು ಹುಡುಕಿದಾಗ ಅವನಿಗೆ ಎರಡು ಸಿಕ್ಕಿದವು. ಎರಡೂ ಜಪಾನಿನಲ್ಲಿ ತಯಾರಾದವು; ಎರಡೂ ಬಾಗಿದ ಹ್ಯಾಂಡಲಿನ ರಸ್ತೆ ಓಟದ ಮಾದರಿಯವು.

ಮೊದಲನೆಯದು ಕೆಂಪು ಬಣ್ಣದ್ದು, ಥಳಥಳನೆ ಹೊಳೆಯುತ್ತಿತ್ತು, ಹೆಸರಾಂತ ಕಂಪೆನಿಯೊಂದರ ಹೆಸರು ಅದರ ಮೈಮೇಲೆ ದಪ್ಪಕ್ಷರಗಳಲ್ಲಿತ್ತು. ಅದಕ್ಕೆ 450 ಡಾಲರು. ಎರಡನೆಯದು ಮಾಸಿದ ನೀಲಿ, ಮೈತುಂಬ ಗೀರುಗಳು, ‘ಮಿಯಾಟಾ’ ಎಂಬ, ಅವನು ಎಂದೂ ಕೇಳಿರದ ಹೆಸರು. ಅದಕ್ಕೆ 120 ಡಾಲರು. ‘ಸಾರ್, ಯಾವುದನ್ನು ತೆಗೆದುಕೊಳ್ಳಲಿ?’ ಎಂದು ಕೇಳಿ, ಎರಡರ ಚಿತ್ರಗಳನ್ನೂ ಕಳುಹಿಸಿದ್ದನು.

ಚಿತ್ರಗಳನ್ನು ನೋಡಿ ನಾವು ಕೂಡಲೇ ಉತ್ತರ ಬರೆದೆವು: ‘ಹಣ ಹೊಂದುವುದಾದರೆ ಕೆಂಪು ಬೈಸಿಕಲ್ಲನ್ನು ತೆಗೆದುಕೊ.’ ಉತ್ತರವನ್ನು ಕಳುಹಿಸಿದ ಮೇಲೆ ನಮಗೇ ನಾಚಿಕೆಯಾಯಿತು. ಅಳತೆಯಿಲ್ಲದೆ ತೀರ್ಮಾನ ಕೂಡದೆಂದು ತರಗತಿಯಲ್ಲಿ ಪ್ರತಿವರ್ಷವೂ ಹೇಳುವ ನಾವು, ಬಣ್ಣವನ್ನೂ ಹೆಸರನ್ನೂ ನೋಡಿ ತೀರ್ಮಾನ ಮಾಡಿದ್ದೆವು! ಮರುದಿನವೇ ಇನ್ನೊಂದು ಪತ್ರ ಬರೆದೆವು: ‘ಸ್ವಲ್ಪ ತಡೆ. ಒಂದು ವರ್ನಿಯರ್ ಕ್ಯಾಲಿಪರ್ಸ್, ಒಂದು ಅಯಸ್ಕಾಂತ, ಒಂದು ತಕ್ಕಡಿ, ನಾಲ್ಕು ಗಜ ದಾರ—ಇಷ್ಟನ್ನು ತೆಗೆದುಕೊಂಡು ಹೋಗಿ ಎರಡನ್ನೂ ಪರೀಕ್ಷಿಸು.’ ಆ ಪರೀಕ್ಷೆಯ ಕ್ರಮವನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ವಿವರಿಸುತ್ತೇವೆ.

ಜಪಾನಿನ ಬೈಸಿಕಲ್ಲಿಗೆ ಈ ಗೌರವವೇಕೆ?

ಒಸಾಕಾ ನಗರದ ಮಗ್ಗುಲಲ್ಲಿ ಸಕಾಯ್ ಎಂಬ ಪಟ್ಟಣವಿದೆ. ಲೋಹದ ಕೆಲಸಕ್ಕೆ ಅದು ಬಹುಕಾಲದಿಂದ ಹೆಸರುವಾಸಿ. 1543ರಲ್ಲಿ ಪೋರ್ಚುಗೀಸರ ಮೂಲಕ ಜಪಾನಿಗೆ ಬಂದೂಕು ಬಂದಮೇಲೆ ಸಕಾಯ್ ಬಂದೂಕು ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೈಸಿಕಲ್ಲು ಜಪಾನಿಗೆ ಬಂದಾಗ, ಕೊಳವೆಯನ್ನು ಕೊರೆಯುವುದನ್ನೂ ಉಕ್ಕನ್ನು ಹದಮಾಡುವುದನ್ನೂ ಬಲ್ಲ ಕೈಗಳು ಅಲ್ಲಿ ಸಿದ್ಧವಾಗಿದ್ದವು. ಗೇರುಗಳಿಗೆ ಇಂದು ಜಗತ್ಪ್ರಸಿದ್ಧವಾಗಿರುವ ಶಿಮಾನೋ ಸಂಸ್ಥೆ ಹುಟ್ಟಿದ್ದು ಇದೇ ಪಟ್ಟಣದಲ್ಲಿ, 1921ರಲ್ಲಿ; ಅದು ಮೊದಲು ತಯಾರಿಸಿದ ವಸ್ತು ಫ್ರೀವೀಲು. ಮಿಯಾಟಾ ಸಂಸ್ಥೆಯದೂ ಇಂಥದೇ ಕಥೆ. ಅದು ಮೂಲತಃ ಬಂದೂಕಿನ ಕಾರ್ಖಾನೆ; 1890ರಲ್ಲಿ ತನ್ನ ಮೊದಲ ಬೈಸಿಕಲ್ಲನ್ನು ತಯಾರಿಸಿತು.

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬೈಸಿಕಲ್ಲಿನ ಹುಚ್ಚು ಹರಡಿತು. 1973ರಲ್ಲಿ ಆ ದೇಶದಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಬೈಸಿಕಲ್ಲುಗಳು ಮಾರಾಟವಾದವು. ಅಲ್ಲಿಯ ಕಾರ್ಖಾನೆಗಳಿಗೂ ಯೂರೋಪಿನ ಕಾರ್ಖಾನೆಗಳಿಗೂ ಈ ಬೇಡಿಕೆಯನ್ನು ಪೂರೈಸಲಾಗಲಿಲ್ಲ. ಆಗ ಫ್ಯೂಜಿ, ಮಿಯಾಟಾ, ಪ್ಯಾನಸಾನಿಕ್, ಬ್ರಿಜ್‌ಸ್ಟೋನ್ ಮೊದಲಾದ ಜಪಾನೀ ಬೈಸಿಕಲ್ಲುಗಳು ಅಲ್ಲಿಗೆ ಹಡಗು ಹಡಗಾಗಿ ಬಂದವು. ಅಮೆರಿಕದ ವ್ಯಾಪಾರಿಗಳು ತಮ್ಮದೇ ಹೆಸರುಗಳನ್ನಿಟ್ಟು ಜಪಾನಿನಲ್ಲಿ ಬೈಸಿಕಲ್ಲುಗಳನ್ನು ಮಾಡಿಸಿಕೊಂಡದ್ದೂ ಉಂಟು. ಯೂನಿವೇಗಾ ಎಂಬ ಹೆಸರಿನ ಬಹುಪಾಲು ಬೈಸಿಕಲ್ಲುಗಳನ್ನು ಕಟ್ಟಿದ್ದು ಮಿಯಾಟಾ. ನಿಶಿಕಿ ಎಂಬುವನ್ನು ಕಟ್ಟಿದ್ದು ಕವಾಮುರಾ ಎಂಬ ಕಾರ್ಖಾನೆ. ಹೀಗಿರುವುದರಿಂದ ಕೊಳವೆಯ ಮೇಲಿನ ಹೆಸರು ಮಾರಿದವನದೇ ಹೊರತು ಮಾಡಿದವನದೇ ಆಗಿರಬೇಕೆಂದಿಲ್ಲ.

ಈ ಕಾಲ ಬಹಳ ವರ್ಷ ಉಳಿಯಲಿಲ್ಲ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಅದಕ್ಕೆ ಮೊದಲು ಡಾಲರೊಂದಕ್ಕೆ ಸುಮಾರು 240 ಯೆನ್ ಇದ್ದದ್ದು 1988ರ ವೇಳೆಗೆ ಸುಮಾರು 130ಕ್ಕೆ ಇಳಿಯಿತು. ಜಪಾನಿನಲ್ಲಿ 48,000 ಯೆನ್ ಬಾಳುವ ಬೈಸಿಕಲ್ಲು ಅಮೆರಿಕದವನಿಗೆ 200 ಡಾಲರಿಗೆ ಸಿಕ್ಕುತ್ತಿದ್ದದ್ದು, ಕಾರ್ಖಾನೆಯಲ್ಲಿ ಏನೊಂದೂ ಬದಲಾಗದೆ, ಸುಮಾರು 370 ಡಾಲರಾಯಿತು. ತಯಾರಿಕೆ ತೈವಾನಿನತ್ತ ಸರಿಯಿತು. ಆದ್ದರಿಂದ 1970ರ ದಶಕದ ಆರಂಭದಿಂದ 1980ರ ದಶಕದ ಕೊನೆಯವರೆಗಿನ ಜಪಾನೀ ಬೈಸಿಕಲ್ಲುಗಳು ಒಂದು ಮುಗಿದುಹೋದ ಅಧ್ಯಾಯಕ್ಕೆ ಸೇರಿದವು. ಇವನ್ನು ಇಂದಿಗೂ ಜನರು ಹುಡುಕುತ್ತಾರೆ.

ಸೀಟಿನ ಕಂಬ ಹೇಳುವ ಗುಟ್ಟು

ಬೈಸಿಕಲ್ಲಿನ ಜೀವವಿರುವುದು ಚೌಕಟ್ಟಿನಲ್ಲಿ. ಅದರ ಕೊಳವೆಗಳು ಸಾಧಾರಣ ಉಕ್ಕಿನವೋ, ಕ್ರೋಮಿಯಮ್ ಮತ್ತು ಮಾಲಿಬ್ಡಿನಮ್ ಬೆರೆತ ಮಿಶ್ರ ಉಕ್ಕಿನವೋ ಎಂಬುದು ಮೊದಲ ಪ್ರಶ್ನೆ. ‘ಮಿಶ್ರ ಉಕ್ಕು ಹಗುರ’ ಎಂದು ಮಾರುವವರು ಹೇಳುವುದುಂಟು. ಇದು ಸರಿಯಲ್ಲ. ಎರಡರ ಸಾಂದ್ರತೆಯೂ ಘನ ಸೆಂಟಿಮೀಟರಿಗೆ ಹೆಚ್ಚುಕಡಿಮೆ 7.85 ಗ್ರಾಮೇ. ಅಷ್ಟೇ ಅಲ್ಲ, ಎಳೆತಕ್ಕೂ ಬಾಗುವಿಕೆಗೂ ಒಡ್ಡುವ ಬಿಗುವನ್ನು ಸೂಚಿಸುವ ಯಂಗ್ ಗುಣಾಂಕವೂ ಎರಡಕ್ಕೂ ಬಹುಮಟ್ಟಿಗೆ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಶಾಶ್ವತವಾಗಿ ಬಾಗಿಹೋಗುವುದಕ್ಕೆ ಮುಂಚೆ ಮಿಶ್ರ ಉಕ್ಕು ಹೆಚ್ಚು ಬಲವನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಕೊಳವೆಯ ಗೋಡೆಯನ್ನು ತೆಳ್ಳಗೆ ಮಾಡಬಹುದು. ಹಗುರವಾಗುವುದು ಉಕ್ಕಲ್ಲ, ಕೊಳವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಹೊರವ್ಯಾಸ 28.6 ಮಿಲಿಮೀಟರು, ಉದ್ದ 60 ಸೆಂಟಿಮೀಟರು ಇರುವ ಕೊಳವೆಯ ಗೋಡೆ 1.4 ಮಿ.ಮೀ. ದಪ್ಪವಿದ್ದರೆ ಅದರ ತೂಕ ಸುಮಾರು 560 ಗ್ರಾಮು, 0.9 ಮಿ.ಮೀ. ಇದ್ದರೆ ಸುಮಾರು 370 ಗ್ರಾಮು. ಒಂದೇ ಕೊಳವೆಯಲ್ಲಿ 190 ಗ್ರಾಮು ಉಳಿಯಿತು! ಉತ್ತಮ ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಳವೆಯು ಕೀಲುಗಳಲ್ಲಿ ಸೇರುವ ತುದಿಗಳಲ್ಲಿ ಬಾಗಿಸುವ ಬಲ ಹೆಚ್ಚು. ಬೆಸುಗೆಯ ಕಾವು ತಗುಲುವುದೂ ಅಲ್ಲಿಯೇ. ಆದ್ದರಿಂದ ತುದಿಗಳನ್ನು ದಪ್ಪವಾಗಿಯೂ ನಡುವನ್ನು ತೆಳ್ಳಗೂ ಮಾಡಿದರು: ತುದಿಯಲ್ಲಿ 0.9, ನಡುವೆ 0.6 ಮಿ.ಮೀ. ಎಂಬಂತೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಟಾಂಗೆ ಮತ್ತು ಇಶಿವಾತಾ ಎಂಬ ಜಪಾನೀ ಸಂಸ್ಥೆಗಳು ಇಂಥ ಕೊಳವೆಗಳಿಗೆ ಪ್ರಸಿದ್ಧವಾಗಿದ್ದವು. ಮಿಯಾಟಾ ತನ್ನ ಕೊಳವೆಗಳನ್ನು ತಾನೇ ತಯಾರಿಸಿಕೊಳ್ಳುತ್ತಿತ್ತು.

ಕೊಳವೆಯನ್ನು ಕೊಯ್ಯದೆ ಗೋಡೆಯ ದಪ್ಪವನ್ನು ಅಳೆಯುವುದು ಹೇಗೆ? ಉಪಾಯ ಸುಲಭ. ಸೀಟನ್ನು ಹೊತ್ತ ಕಂಬವನ್ನು ಹೊರಗೆಳೆದು ಅದರ ವ್ಯಾಸವನ್ನು ಅಳೆಯಬೇಕು. ಆ ಕಂಬ ಕೊಳವೆಯೊಳಗೆ ಬಿಗಿಯಾಗಿ ಕೂರುವುದರಿಂದ ಅದರ ವ್ಯಾಸವೇ ಕೊಳವೆಯ ಒಳವ್ಯಾಸಕ್ಕೆ ಸಮೀಪವಾಗಿರುತ್ತದೆ. ಆ ಕಾಲದ ರಸ್ತೆ ಬೈಸಿಕಲ್ಲುಗಳಲ್ಲಿ ಈ ಕೊಳವೆಯ ಹೊರವ್ಯಾಸ ಸಾಮಾನ್ಯವಾಗಿ 28.6 ಮಿ.ಮೀ. ಹೊರವ್ಯಾಸದಲ್ಲಿ ಒಳವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ಗೋಡೆಯ ದಪ್ಪ ಬಂದಿತು. ನಮ್ಮ ವಿದ್ಯಾರ್ಥಿ ಅಳೆದದ್ದು ಇದು: ನೀಲಿ ಬೈಸಿಕಲ್ಲಿನ ಕಂಬ 27.2 ಮಿ.ಮೀ., ಅಂದರೆ ಗೋಡೆ 0.7 ಮಿ.ಮೀ.; ಜಾರುವುದಕ್ಕೆ ಬಿಟ್ಟ ಸಂದನ್ನು ಕಳೆದರೆ ಇನ್ನೂ ಕಡಿಮೆ. ಕೆಂಪು ಬೈಸಿಕಲ್ಲಿನ ಕಂಬ 25.8 ಮಿ.ಮೀ., ಅಂದರೆ ಗೋಡೆ ಹತ್ತಿರ ಹತ್ತಿರ 1.4 ಮಿ.ಮೀ. ತಕ್ಕಡಿಯೂ ಇದೇ ಮಾತನ್ನು ಹೇಳಿತು: ನೀಲಿಯದು 11.3 ಕಿಲೋಗ್ರಾಮು, ಕೆಂಪಿನದು 13.6. ಕೆಂಪು ಬಣ್ಣದ ಕೆಳಗಿದ್ದದ್ದು ಅಗ್ಗದ ದಪ್ಪ ಕೊಳವೆ ಎಂಬುದರಲ್ಲಿ ನಮಗೆ ಸಂಶಯ ಉಳಿಯಲಿಲ್ಲ.

ಇನ್ನೆರಡು ಸಣ್ಣ ಪರೀಕ್ಷೆಗಳು ಇದನ್ನು ದೃಢಪಡಿಸುತ್ತವೆ. ಹಿಂದಿನ ಚಕ್ರದ ಅಚ್ಚು ಕೂರುವ ಕವಲುಗಳನ್ನು ನೋಡಬೇಕು. ಒಳ್ಳೆಯ ಚೌಕಟ್ಟಿನಲ್ಲಿ ಅವು ಬಡಿದು ರೂಪಿಸಿದ ದಪ್ಪ ಉಕ್ಕಿನವು. ಅಗ್ಗದ ಚೌಕಟ್ಟಿನಲ್ಲಿ ತಗಡಿನಿಂದ ಕತ್ತರಿಸಿದವು. ಎರಡನೆಯದಾಗಿ, ಚಕ್ರದ ರಿಮ್ಮಿಗೆ ಅಯಸ್ಕಾಂತವನ್ನು ಮುಟ್ಟಿಸಬೇಕು. ಕಚ್ಚಿಕೊಂಡರೆ ಉಕ್ಕು, ಇಲ್ಲವಾದರೆ ಅಲ್ಯೂಮಿನಿಯಮ್ ಮಿಶ್ರಲೋಹ. ಉಕ್ಕಿನ ರಿಮ್ಮು ಭಾರ. ಅದಕ್ಕಿಂತ ಮುಖ್ಯವಾಗಿ, ಮಳೆಯಲ್ಲಿ ನೆನೆದಾಗ ಅದರ ನುಣುಪು ಮೈಮೇಲೆ ಬ್ರೇಕು ಸರಿಯಾಗಿ ಹಿಡಿಯದು. ಗುಡ್ಡದಿಂದ ಇಳಿಯಬೇಕಾದವನಿಗೆ ಇದು ಕಡೆಗಣಿಸುವ ಸಂಗತಿಯಲ್ಲ. ಕೆಂಪು ಬೈಸಿಕಲ್ಲಿನ ಕವಲುಗಳು ತಗಡಿನವು. ರಿಮ್ಮಿಗೆ ಅಯಸ್ಕಾಂತ ಕಚ್ಚಿಕೊಂಡಿತು.

ಹುಟ್ಟಿದ ವರ್ಷವನ್ನು ಓದುವುದು

ಬೈಸಿಕಲ್ಲಿನ ವಯಸ್ಸನ್ನು ತಿಳಿಯಲು ಅದರ ಭಾಗಗಳೇ ಜಾತಕ. ಶಿಮಾನೋ ಸಂಸ್ಥೆಯು 1976ರಿಂದ ತನ್ನ ಭಾಗಗಳ ಮೇಲೆ ಎರಡು ರೋಮನ್ ಅಕ್ಷರಗಳನ್ನು ಒತ್ತುತ್ತಿತ್ತು. ಮೊದಲನೆಯದು ವರ್ಷ: ಎ ಎಂದರೆ 1976, ಬಿ ಎಂದರೆ 1977, ಹೀಗೆ ಮುಂದಕ್ಕೆ. ಎರಡನೆಯದು ತಿಂಗಳು: ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ‘ಎಚ್‌ಬಿ’ ಎಂದಿದ್ದರೆ 1983ರ ಫೆಬ್ರವರಿ. ಅಕ್ಷರಗಳು ಇಪ್ಪತ್ತಾರೇ ಆದ್ದರಿಂದ ಇಪ್ಪತ್ತಾರು ವರ್ಷಗಳಿಗೊಮ್ಮೆ ಇವು ಮರಳಿ ಬರುತ್ತವೆ. ಎ ಎಂಬುದು 1976 ಆಗಬಹುದು, 2002 ಸಹ ಆಗಬಹುದು. ಭಾಗದ ರೂಪವನ್ನು ನೋಡಿದರೆ ಈ ಗೊಂದಲ ಪರಿಹಾರವಾಗುವುದು. ಸನ್‌ಟೂರ್ ಎಂಬ ಮತ್ತೊಂದು ಸಂಸ್ಥೆಯೂ ಎರಡಕ್ಷರಗಳ ಕ್ರಮವನ್ನೇ ಬಳಸುತ್ತಿತ್ತು. ಆದರೆ ಅಲ್ಲಿ 1983ಕ್ಕೆ ಝಡ್, 1984ಕ್ಕೆ ಮತ್ತೆ ಎ. ಮಿಯಾಟಾ ಚೌಕಟ್ಟಿನ ಸಂಖ್ಯೆಯನ್ನು ಪೆಡಲಿನ ಅಚ್ಚು ಹಾಯುವ ಗೂಡಿನ ಅಡಿಯಲ್ಲಿ ಒತ್ತಲಾಗಿದೆ. ಅದರ ಮೊದಲ ಅಕ್ಷರ ವರ್ಷವನ್ನು ಹೇಳುತ್ತದೆ. ಅಲ್ಲಿ ಎ ಎಂದರೆ 1972, ಎಲ್ ಎಂದರೆ 1983.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾಗದ ಮೇಲಿನ ದಿನಾಂಕ ಭಾಗದ್ದು, ಬೈಸಿಕಲ್ಲಿನದಲ್ಲ. ಮುರಿದ ಗೇರನ್ನು ಯಾರೋ ಬದಲಿಸಿರಬಹುದು. ಆದ್ದರಿಂದ ಒಂದು ಸಾಕ್ಷಿ ಸಾಲದು; ಒಂದನ್ನೊಂದು ಅವಲಂಬಿಸದ ಹಲವು ಸಾಕ್ಷಿಗಳು ಬೇಕು. ನೀಲಿ ಬೈಸಿಕಲ್ಲಿನ ಪೆಡಲಿನ ತೋಳು ‘ಜಿಎಲ್’, ಅಂದರೆ 1982ರ ಡಿಸೆಂಬರ್; ಬ್ರೇಕು ‘ಎಚ್‌ಎ’, 1983ರ ಜನವರಿ; ಹಿಂದಿನ ಗೇರು ‘ಎಚ್‌ಬಿ’, 1983ರ ಫೆಬ್ರವರಿ; ಚೌಕಟ್ಟಿನ ಸಂಖ್ಯೆ ‘ಎಲ್’ ಎಂದು ಮೊದಲಾಗುತ್ತಿತ್ತು. ನಾಲ್ಕೂ ಒಂದೇ ಕಾಲವನ್ನು ತೋರಿಸಿದವು. ಇದು ಕಾರ್ಖಾನೆಯಿಂದ ಹೊರಟ ರೂಪದಲ್ಲಿಯೇ ಉಳಿದ ಬೈಸಿಕಲ್ಲೆಂದು ಧೈರ್ಯವಾಗಿ ಹೇಳಬಹುದು.

ಕೆಂಪಿನ ವಿಷಯ ಹೀಗಿರಲಿಲ್ಲ. ಅದರ ಒಂದು ಭಾಗ 1979ರದು, ಇನ್ನೊಂದು 1986ರದು. ಹಿಂದಿನ ಕವಲುಗಳ ನಡುವಿನ ಅಂತರ 120 ಮಿ.ಮೀ. ಐದು ಹಲ್ಲುಚಕ್ರಗಳ ಕಾಲದ ಅಳತೆ ಇದು. ಆರು ಏಳು ಹಲ್ಲುಚಕ್ರಗಳು ಬಂದಮೇಲೆ ಅಂತರ 126 ಆಯಿತು, ಎಂಟು ಬಂದಾಗ 130. ಚೌಕಟ್ಟೊಂದು ಕಾಲದ್ದು, ಗೇರೊಂದು ಕಾಲದ್ದು, ಬಣ್ಣ ಮೊನ್ನೆಯದು. ಮೇಲೆ ಅಂಟಿಸಿದ ಹೆಸರು ಎಲ್ಲಿಯದೋ ಬಲ್ಲವರಾರು?

ಗೇರಿನ ರೂಪವೂ ಕಾಲವನ್ನು ಹೇಳುವುದೆಂದೆವು. ಸರಪಣಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಸಾಧನ ಮೊದಲು ಅಚ್ಚಿಗೆ ಸಮಾನಾಂತರವಾಗಿ ಚಲಿಸುತ್ತಿತ್ತು. ಆದರೆ ಹಲ್ಲುಚಕ್ರಗಳ ಸಾಲು ಇಳಿಜಾರಿನ ಬೆಟ್ಟದಂತಿದೆ. ಆದ್ದರಿಂದ ಚಿಕ್ಕ ಚಕ್ರದತ್ತ ಹೋದಂತೆ ನಡುವಣ ಅಂತರ ಹೆಚ್ಚಿ, ಸರಪಣಿ ತಡವಾಗಿ ಬೀಳುತ್ತಿತ್ತು. 1964ರಲ್ಲಿ ಸನ್‌ಟೂರ್ ಸಂಸ್ಥೆಯ ನೊಬುವೊ ಓಝಾಕಿ ಎಂಬಾತನು ಆ ಸಾಧನದ ಸಮಾಂತರ ಚತುರ್ಭುಜವನ್ನೇ ಓರೆಯಾಗಿಟ್ಟನು. ಸಾಧನವು ಬೆಟ್ಟದ ಇಳಿಜಾರನ್ನೇ ಅನುಸರಿಸಿತು. ಅಂತರ ಒಂದೇ ಆಗಿ ಉಳಿಯಿತು. ಇಷ್ಟು ಸರಳ ಯುಕ್ತಿ! ಆ ಸ್ವಾಮ್ಯದ ಅವಧಿ 1984ರಲ್ಲಿ ಮುಗಿಯಿತು. ಅದೇ ವರ್ಷ ಶಿಮಾನೋ, ಒಂದೊಂದು ಹಲ್ಲುಚಕ್ರಕ್ಕೂ ‘ಟಿಕ್’ ಎಂದು ನಿಲ್ಲುವ ಗೇರಿನ ಸನ್ನೆಯನ್ನು ತನ್ನ ಅತ್ಯುತ್ತಮ ಡ್ಯೂರಾ-ಏಸ್ ಮಾದರಿಯಲ್ಲಿ ತಂದಿತು. ಓರೆ ಚತುರ್ಭುಜವನ್ನೂ ಅದರಲ್ಲಿ ಅಳವಡಿಸಿಕೊಂಡಿತು. ಟಿಕ್ ಎನ್ನುವ ಸನ್ನೆ ಇರುವ ಬೈಸಿಕಲ್ಲು ಬಹುಮಟ್ಟಿಗೆ ಆ ಕಾಲದಿಂದೀಚಿನದು.

ಬೆಲೆಗಿಂತ ಮೊದಲು ಪ್ರಾಣ

ವಯಸ್ಸು ತಿಳಿಯಿತು, ಜಾತಿ ತಿಳಿಯಿತು. ಆದರೂ ಮುಖ್ಯ ಪ್ರಶ್ನೆ ಉಳಿದಿದೆ. ಈ ಬೈಸಿಕಲ್ಲು ಎಂದಾದರೂ ಗೋಡೆಗೋ ಕಾರಿಗೋ ಗುದ್ದಿದೆಯೇ? ಎದುರಿನಿಂದ ಪೆಟ್ಟು ಬಿದ್ದಾಗ ಮುಂಚಕ್ರದ ಫೋರ್ಕು ಹಿಂದಕ್ಕೆ ನೂಕಲ್ಪಡುತ್ತದೆ. ಆಗ ಹ್ಯಾಂಡಲಿನ ಕತ್ತಿಗೆ ಸೇರಿದ ಎರಡು ಕೊಳವೆಗಳ ಅಡಿಭಾಗ ಒತ್ತಡಕ್ಕೆ ಸಿಕ್ಕಿ, ಕತ್ತಿನ ಹಿಂದೆಯೇ ನಿರಿಗೆಗಟ್ಟುತ್ತದೆ. ಉಕ್ಕು ತನ್ನ ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ದಾಟಿದೆ ಎಂಬುದರ ಗುರುತು ಅದು. ಒಂದು ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ ಅದು ತುಂಡಾಗುವುದನ್ನು ಎಲ್ಲರೂ ಬಲ್ಲರು. ನಿರಿಗೆಗಟ್ಟಿದ ಕೊಳವೆಯೂ ರಸ್ತೆಯ ಪ್ರತಿಯೊಂದು ಕುಲುಕಿಗೂ ಅದೇ ಜಾಗದಲ್ಲಿ ದಣಿಯುತ್ತ ಬರುತ್ತದೆ. ಕೂದಲೆಳೆಯ ಬಿರುಕು ಹುಟ್ಟುತ್ತದೆ. ಅದು ಬೆಳೆದು ಒಂದು ದಿನ ಕೊಳವೆ ಮುರಿಯಬಹುದು. ಗುಡ್ಡದ ಇಳಿಜಾರಿನಲ್ಲಿ ಮುರಿದರೆ ಸವಾರನ ಗತಿಯೇನು?

ಬಣ್ಣ ಕಣ್ಣನ್ನು ಮೋಸಗೊಳಿಸಬಹುದು, ಬೆರಳನ್ನು ಅಷ್ಟು ಸುಲಭವಾಗಿ ಮೋಸಗೊಳಿಸದು. ಕತ್ತಿನ ಹಿಂದೆ ಕೊಳವೆಗಳ ಅಡಿಯಲ್ಲಿ ಬೆರಳಾಡಿಸಿ ನೋಡೆಂದು ಬರೆದಿದ್ದೆವು. ಅವನ ಉತ್ತರ ಹೀಗಿತ್ತು: ‘ಸಾರ್, ಕೆಂಪು ಸೈಕಲ್ಲಿನ ಕೆಳಗಿನ ಕೊಳವೆಯಲ್ಲಿ ಉಬ್ಬಿದೆ. ಬಣ್ಣದ ಮೇಲೆ ಏನೂ ಕಾಣುವುದಿಲ್ಲ. ಬೆರಳಿಗೆ ಚೆನ್ನಾಗಿ ಸಿಕ್ಕುತ್ತದೆ.’ ಈ ಮಾತನ್ನು ಓದಿದಾಗ, ಆ ಬೈಸಿಕಲ್ಲನ್ನೇ ಕೊಳ್ಳೆಂದು ಹೇಳಿದ್ದ ನಮ್ಮ ಮೊದಲ ಪತ್ರ ನೆನಪಾಗಿ ಮೈ ಬೆವರಿತು.

ದಾರ ಬೇಕಾಗಿದ್ದದ್ದು ನೀಲಿಯದಕ್ಕೆ. ಹಿಂದಿನ ಒಂದು ಕವಲಿಗೆ ದಾರದ ತುದಿಯನ್ನು ಕಟ್ಟಿ, ಹ್ಯಾಂಡಲಿನ ಕತ್ತನ್ನು ಬಳಸಿ, ಇನ್ನೊಂದು ಕವಲಿಗೆ ಬಿಗಿಯಾಗಿ ತಂದು ಕಟ್ಟಬೇಕು. ಸೀಟಿನ ಕೊಳವೆಯ ಎಡಕ್ಕೂ ಬಲಕ್ಕೂ ದಾರದವರೆಗಿನ ದೂರವನ್ನು ಅಳೆಯಬೇಕು. ಎರಡೂ ಸಮವಾಗಿದ್ದರೆ ಚೌಕಟ್ಟಿನ ಹಿಂಭಾಗ ಸೊಟ್ಟಗಾಗಿಲ್ಲ. ನೀಲಿ ಬೈಸಿಕಲ್ಲಿನಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಹೆಚ್ಚಿರಲಿಲ್ಲ. ಉಬ್ಬೂ ಇಲ್ಲ, ಬಿರುಕೂ ಇಲ್ಲ.

ಬೆಲೆ ಕಟ್ಟುವ ಬಗೆ

ಮಾರುವವನು ಕೇಳುವ ಹಣ ಬೆಲೆಯಲ್ಲ, ಆಸೆ. ಅಂಥದೇ ಬೈಸಿಕಲ್ಲು ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದೇ ಲೆಕ್ಕಕ್ಕೆ ಆಧಾರ. ಅದರಿಂದ ದುರಸ್ತಿಯ ಖರ್ಚನ್ನು ಕಳೆಯಬೇಕು. ಹಳೆಯ ಬೈಸಿಕಲ್ಲಿಗೆ ಟೈರು, ಟ್ಯೂಬು, ಬ್ರೇಕಿನ ರಬ್ಬರು, ತಂತಿಗಳು, ಸರಪಣಿ ಇವು ಬಹುಮಟ್ಟಿಗೆ ಹೊಸತಾಗಿ ಬೇಕು. ಬೇರಿಂಗುಗಳಿಗೆ ಗ್ರೀಸು ತುಂಬಬೇಕು. ನಮ್ಮ ವಿದ್ಯಾರ್ಥಿ ಆ ಊರಿನಲ್ಲಿ ವಿಚಾರಿಸಿದಾಗ ಇಂಥ ಬೈಸಿಕಲ್ಲುಗಳು, ಸವಾರಿಗೆ ಸಿದ್ಧವಾದ ಸ್ಥಿತಿಯಲ್ಲಿ, ಸುಮಾರು 250 ಡಾಲರಿಗೆ ಹೋಗಿದ್ದವು. ದುರಸ್ತಿಗೆ 90 ಡಾಲರೆಂದು ಇಟ್ಟುಕೊಂಡರೆ 160 ಡಾಲರಿನವರೆಗೆ ಕೊಡಬಹುದು. ಅವರು ಕೇಳಿದ್ದು 120. ಕೆಂಪು ಬೈಸಿಕಲ್ಲಿಗೋ, ಚೌಕಟ್ಟೇ ಕೆಟ್ಟಿರುವುದರಿಂದ, ಬಿಡಿಭಾಗಗಳ ಬೆಲೆ ಮಾತ್ರ.

ದುರಸ್ತಿಯ ವಿಷಯದಲ್ಲಿ ಜಪಾನೀ ಬೈಸಿಕಲ್ಲುಗಳಿಗೆ ಒಂದು ಅನುಕೂಲವಿದೆ. ಪೆಡಲಿನ ಗೂಡಿನ ತಿರುಪಿಗೆ ಅವರು ಸಾಮಾನ್ಯವಾಗಿ ಬ್ರಿಟಿಷ್ ಅಳತೆಯನ್ನೇ ಅನುಸರಿಸಿದರು: 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತು. ಆ ಅಳತೆಯ ಭಾಗಗಳು ಇಂದಿಗೂ ದೊರೆಯುತ್ತವೆ. ಹಳೆಯ ಫ್ರೆಂಚ್ ಬೈಸಿಕಲ್ಲಿನ ಒಡೆಯನಿಗೆ ಈ ಭಾಗ್ಯವಿಲ್ಲ.

ಎಲ್ಲ ಹಳೆಯ ಜಪಾನೀ ಬೈಸಿಕಲ್ಲುಗಳೂ ಕೆಲವು ನೂರು ಡಾಲರಿನವೇ ಎಂದು ತಿಳಿಯಬಾರದು. ಜಪಾನಿನಲ್ಲಿ ಕೇಯಿರಿನ್ ಎಂಬ ಪಣದ ಬೈಸಿಕಲ್ ಓಟವು 1948ರಲ್ಲಿ ಕೊಕುರಾ ಪಟ್ಟಣದಲ್ಲಿ ಆರಂಭವಾಯಿತು. ಅದರಲ್ಲಿ ಬಳಸುವ ಚೌಕಟ್ಟು ಮತ್ತು ಭಾಗಗಳಿಗೆ ‘ಎನ್‌ಜೆಎಸ್’ ಎಂಬ ಒಪ್ಪಿಗೆಯ ಮುದ್ರೆ ಬೇಕು. ನಾಗಾಸಾವಾ, ಸಾನ್‌ರೆನ್‌ಶೋ ಮೊದಲಾದ ಕುಶಲಿಗಳ ಕಮ್ಮಟದಲ್ಲಿ ಒಂದೊಂದಾಗಿ ಕೈಯಿಂದ ಕಟ್ಟಿದ ಚೌಕಟ್ಟುಗಳಿಗೆ ಸಂಗ್ರಾಹಕರು ಬಹಳ ಹೆಚ್ಚು ಹಣ ಕೊಡುತ್ತಾರೆ. ಇಂಥದು ಕೈಗೆ ಸಿಕ್ಕಿದರೆ ಹೊಸ ಬಣ್ಣ ಬಳಿಯಲು ಹೋಗಬಾರದು. ಮೂಲದ ಬಣ್ಣ, ಮಾಸಿದ್ದರೂ, ಒಂದು ಸಾಕ್ಷಿ. ಅದನ್ನು ಅಳಿಸಿದರೆ ಬೆಲೆ ಇಳಿಯುವುದು. ಅಡಗಿದ್ದ ಪೆಟ್ಟುಗಳನ್ನು ಮರೆಮಾಚಿದಂತೆಯೂ ಆಗುವುದು.

ನಮ್ಮ ವಿದ್ಯಾರ್ಥಿ ನೀಲಿ ಬೈಸಿಕಲ್ಲನ್ನು ಕೊಂಡನು. ಕೆಂಪಿನ ಒಡೆಯನ ಬಳಿಗೂ ಹೋಗಿ ಅವನ ಬೆರಳನ್ನೇ ಹಿಡಿದು ಆ ಉಬ್ಬಿನ ಮೇಲೆ ಇಟ್ಟು ತೋರಿಸಿದನಂತೆ. ಅವನೂ ಅದನ್ನು ಬೇರೊಬ್ಬನಿಂದ ಬಣ್ಣ ಬಳಿದ ಮೇಲೆಯೇ ಕೊಂಡವನು, ಏನನ್ನೂ ಅರಿಯನು. ಅಂದೇ ಅದನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡನು. ಮೊನ್ನೆ ಬಂದ ಪತ್ರದಲ್ಲಿ, ದಿನವೂ ಗುಡ್ಡವನ್ನು ಇಳಿದು ಹತ್ತಿ ಕಾಲುಗಳು ಗಟ್ಟಿಯಾಗಿವೆ ಎಂದು ಬರೆದಿದ್ದಾನೆ. ನಾವಂತೂ ಆ ಮೊದಲ ಪತ್ರದ ಪ್ರತಿಯನ್ನು ನಮ್ಮ ಪ್ರಯೋಗಾಲಯದ ಮೇಜಿನ ಖಾನೆಯಲ್ಲಿ, ವರ್ನಿಯರ್ ಕ್ಯಾಲಿಪರ್ಸ್ ಜೊತೆಯಲ್ಲಿಯೇ ಇಟ್ಟುಕೊಂಡಿದ್ದೇವೆ.